ಅಮ್ಮನ ಪಾಲಿನ ಕೊಬ್ಬರಿ

ಅರಸೀಕೆರೆಯಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯ ಒಂದು ಗೊಬ್ಬರದ ಅಂಗಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗ ಗೊಬ್ಬರದ ಘಾಟು, ಬಾಗಿಲು ತೆಗೆದರೆ ಕೊಬ್ಬರಿಯ ವಾಸನೆ. ಕೊಬ್ಬರಿಯ ಊರು ಯಾವುದೆಂದು ಪತ್ತೆ ಮಾಡುವುದು ಅಲ್ಲಿ ನನ್ನ ಕೆಲಸ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. “ಕೊಬ್ಬರಿಗೂ ಊರು ಕೇರಿ ವಿಚಾರಿಸ್ತೀರೇನ್ರೀ, ಸಂಬಂಧ ಬೆಳೆಸ್ಬೇಕಾ?” ಎಂದು ಬಸ್ಸಿನಲ್ಲಿ ಒಬ್ಬರು ಕೇಳಿದ್ದರು. ನಗಲಿ ಬಿಡಿ. ನಮ್ಮ ಸೀಮೆಯ ಉಂಡೆಕೊಬ್ಬರಿಗೆ ಒಂದು ಹೆಸರಿದೆ, ಹೆಸರಿದ್ದ ಕಡೆ ಕಲಬೆರಕೆಯೂ ಇರುತ್ತದೆ. ಹೊರಗಿನ ಮಾಲನ್ನು ತಂದು ಇಲ್ಲಿನ ಚೀಲಕ್ಕೆ ತುಂಬಿ ಇಲ್ಲಿಯದೇ ಎಂದು ಮಾರುವವರಿದ್ದಾರೆ. ದೂರದಲ್ಲಿ ಕೂತು ಕೊಳ್ಳುವವರು ಗ್ಯಾರಂಟಿ ಕೇಳುತ್ತಾರೆ. ಆ ಗ್ಯಾರಂಟಿ ಕೊಡಲು ಸಾಧ್ಯವೇ ಎಂದು ನಾವು ನೋಡುತ್ತಿದ್ದೆವು.

ಯಂತ್ರ ದೊಡ್ಡದೇನಲ್ಲ, ಒಂದು ಹೊಲಿಗೆ ಮಿಷನ್ನಿನಷ್ಟಿದೆ. ಕೊಬ್ಬರಿಯನ್ನು ತುರಿದು ಗಾಜಿನ ಬಟ್ಟಲಿಗೆ ತುಂಬಿ ಇಟ್ಟರೆ ಅದರ ಮೇಲೆ ಇನ್‌ಫ್ರಾರೆಡ್ ಬೆಳಕು ಬೀಳುತ್ತದೆ. ಕಣ್ಣಿಗೆ ಕಾಣದ ಬೆಳಕು. ಸ್ಕೂಲಿನ ಪುಸ್ತಕದಲ್ಲಿ ಅವಗೆಂಪು ಎಂದು ಓದಿದ್ದು ಇದನ್ನೇ. ಕೊಬ್ಬರಿಯೊಳಗಿನ ನೀರು, ಎಣ್ಣೆ, ಮತ್ತೊಂದು ಮಗದೊಂದು ಎಲ್ಲವೂ ಆ ಬೆಳಕಿನಲ್ಲಿ ತಮಗೆ ಬೇಕಾದಷ್ಟನ್ನು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತವೆ. ಹಾಗೆ ಹಿಂತಿರುಗಿದ ಬೆಳಕು ಕಂಪ್ಯೂಟರಿನಲ್ಲಿ ಏರಿಳಿಯುವ ಗೆರೆಯಾಗಿ ಕಾಣುತ್ತದೆ. ನೋಡುವವರಿಗೆ ಎಲ್ಲ ಗೆರೆಯೂ ಒಂದೇ. ಅವುಗಳಲ್ಲಿರುವ ಸಣ್ಣ ಸಣ್ಣ ವ್ಯತ್ಯಾಸಗಳನ್ನು ಕಂಪ್ಯೂಟರು ಲೆಕ್ಕ ಹಾಕಿ ಪ್ರತಿ ಕೊಬ್ಬರಿಗೂ ಒಂದು ಚುಕ್ಕಿ ಇಡುತ್ತದೆ. ಒಂದು ಸೀಮೆಯ ಚುಕ್ಕಿಗಳು ಒಂದು ಕಡೆ ಗುಂಪು ಸೇರುತ್ತವೆ, ಇನ್ನೊಂದು ಸೀಮೆಯವು ಇನ್ನೊಂದು ಕಡೆ.

ಹಾಗಂತ ಯಂತ್ರಕ್ಕೆ ಊರು ಗೊತ್ತಿದೆ ಎಂದುಕೊಳ್ಳಬಾರದು. ಇದು ಇಂಥ ಕಡೆಯದು ಎಂದು ನಾವು ಮೊದಲು ತೋರಿಸಿಕೊಟ್ಟ ಮಾದರಿಗಳಷ್ಟೇ ಅದಕ್ಕೆ ಗೊತ್ತು. ನಾವು ತಪ್ಪು ತೋರಿಸಿದರೆ ಅದು ತಪ್ಪನ್ನೇ ಕಲಿಯುತ್ತದೆ. ಅದಕ್ಕೇ ಮಾದರಿ ತರುವ ವಿಷಯದಲ್ಲಿ ನಮ್ಮ ಮುಖ್ಯಸ್ಥರು ಬಲು ಬಿಗಿ. “ಮರದ ಬುಡದಲ್ಲಿ ನಿಂತು ನೋಡದೆ ಒಂದು ಕೊಬ್ಬರೀನೂ ತರಬೇಡಿ” ಎನ್ನುತ್ತಿದ್ದರು. ತೋಟ ನೋಡಬೇಕು, ಕಾಯಿ ಒಣಗಲು ಹಾಕಿದ ಅಟ್ಟ ನೋಡಬೇಕು. ಬಲಿತ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಕೊಬ್ಬರಿ ಗಡಗಡ ಎನ್ನಬೇಕು. ಬಾಣಾವರದ ಆಚೆ ಈಚೆ ಕಂಡವರ ಅಟ್ಟಗಳನ್ನೆಲ್ಲ ಹತ್ತಿ ಇಳಿದು ತಲೆಗೆ ಜೇಡರ ಬಲೆ ಮೆತ್ತಿಸಿಕೊಂಡು ಬಂದವಳು ನಾನು. ಆ ಕಾನೂನನ್ನು ಒಂದೇ ಒಂದು ಕೊಬ್ಬರಿಯ ವಿಷಯದಲ್ಲಿ ಮೀರಿದೆ. ಅದು ಅಮ್ಮನ ತವರಿನದು.

ಅಮ್ಮನ ತವರು ಕಣಕಟ್ಟೆ. ಅವಳಿರುವುದು ಬೇಲೂರಿನಲ್ಲಿ, ನನ್ನ ಅಣ್ಣ ಅತ್ತಿಗೆಯ ಜೊತೆ. ನಾನು ವಾರವೆಲ್ಲ ಅರಸೀಕೆರೆಯಲ್ಲಿದ್ದು ಶನಿವಾರ ಬೇಲೂರಿನ ಬಸ್ಸು ಹತ್ತುತ್ತೇನೆ. ತಾತ ತೀರಿಕೊಂಡ ಮೇಲೆ ಕಣಕಟ್ಟೆಯ ತೆಂಗಿನ ತೋಟ ಅಮ್ಮನಿಗೂ ಅವಳ ತಮ್ಮನಿಗೂ ಸಮಪಾಲು ಬರಬೇಕಾಗಿತ್ತು. ಅಮ್ಮ ಕಚೇರಿಗೆ ಹೋಗಿ ತನ್ನ ಪಾಲು ಬೇಡವೆಂದು ಸಹಿ ಹಾಕಿ ಬಂದಳು. ಕೇಳಿದ್ದು ಒಂದೇ. “ವರ್ಷಕ್ಕೊಂದ್ಸಲ ಅಪ್ಪನ ತೋಟದ ಕೊಬ್ಬರಿ ಕೊಡು, ಅಷ್ಟು ಸಾಕು” ಎಂದಳಂತೆ. ಆಗ ಕಾಲೇಜಿನಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಗಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನೋದು ಗಾದೇಲಿದೆ, ಕಾನೂನಲ್ಲಿಲ್ಲ ಎಂದು ಅವಳ ಮೇಲೆ ಹಾರಾಡಿದ್ದೆ. ಅಮ್ಮ ಒಲೆಯ ಮುಂದಿನಿಂದ ಏಳದೆ ಹೇಳಿದಳು, “ಕಾನೂನು ಕೈಲಿ ಹಿಡ್ಕಂಡು ತವರಿಗೆ ಹೋಗಾಕಾಯ್ತದೇನೇ? ಬಾಗ್ಲು ತೆಗೆಯೋರು ಬೇಕಲ್ಲ.”

ಮಾವ ಮಾತು ತಪ್ಪಲಿಲ್ಲ. ಪ್ರತಿವರ್ಷ ತಾನೇ ಚೀಲ ಹೊತ್ತು ಬೇಲೂರಿಗೆ ಬರುತ್ತಿದ್ದ. ಅಮ್ಮನಿಗೆ ಮಂಡಿನೋವು ಶುರುವಾದ ಮೇಲಂತೂ ಅವಳು ಕಣಕಟ್ಟೆಗೆ ಹೋಗುವುದು ನಿಂತೇ ಹೋಯಿತು. “ನೀನ್ಯಾಕೆ ಬಸ್ಸಿನಾಗೆ ಒದ್ದಾಡ್ತೀಯ ಅಕ್ಕ, ನಾನೇ ಬತ್ತೀನಿ” ಎನ್ನುತ್ತಿದ್ದ ಮಾವ. ಆ ಕೊಬ್ಬರಿಯನ್ನು ಅಮ್ಮ ಅಂಗಡಿಯದರ ಜೊತೆ ಸೇರಿಸುತ್ತಿರಲಿಲ್ಲ. ಅದಕ್ಕೆ ಬೇರೆ ಡಬ್ಬ. ಹಬ್ಬಕ್ಕೆ ಅದು, ಮಡಿಲು ತುಂಬಲು ಅದು, ಅತ್ತಿಗೆಯ ಬಾಣಂತನದಲ್ಲಿ ಕುಟ್ಟಿದ್ದೂ ಅದನ್ನೇ. ಮನೆಗೆ ಬಂದವರ ಕೈಗೆ ಒಂದು ಚೂರು ಇಟ್ಟು “ನಮ್ಮಪ್ಪನ ಮರದ್ದು” ಎನ್ನದಿದ್ದರೆ ಅವಳಿಗೆ ಸಮಾಧಾನವಿಲ್ಲ. ಅವಳ ಆಸ್ತಿಯೆಲ್ಲ ಆ ಡಬ್ಬದಲ್ಲಿ ಹಿಡಿಸುತ್ತಿತ್ತು ಎಂದು ನಾನು ಕುಹಕವಾಡುತ್ತಿದ್ದೆ. ಅವಳಿಗೆ ಅದು ಕುಹಕ ಎಂದು ಅನ್ನಿಸುತ್ತಲೇ ಇರಲಿಲ್ಲ.

ನನ್ನ ಕೆಲಸ ಏನೆಂದು ಅವಳಿಗೆ ಅರ್ಥವಾದ ದಿನ ಡಬ್ಬದಿಂದ ಎರಡು ಉಂಡೆ ತೆಗೆದುಕೊಟ್ಟಳು. “ನಮ್ಮಪ್ಪನ ತೋಟಾನೂ ಅದ್ರಾಗೆ ಸೇರಿಸು. ಕಣಕಟ್ಟೆದು ಅಂದ್ರೆ ಹಿಂಗಿರ್ತದೆ ಅಂತ ನಿನ್ನ ಮಿಷನ್ನಿಗೂ ಗೊತ್ತಾಗ್ಲಿ.” ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ತವರಿನ ಕೊಬ್ಬರಿಗೆ ಸಾಕ್ಷಿ ಕೇಳುವವರು ನಮ್ಮ ಕಡೆ ಯಾರಿದ್ದಾರೆ? ತೋಟ ನೋಡಿದ್ದೀನಿ ಎಂದು ಮುಖ್ಯಸ್ಥರಿಗೆ ಹೇಳಿದೆ. ನೋಡಿದ್ದೂ ನಿಜವೇ, ಲಂಗ ತೊಡುವ ವಯಸ್ಸಿನಲ್ಲಿ.

ಅದರ ಚುಕ್ಕಿ ನಮ್ಮ ಸೀಮೆಯ ಗುಂಪಿಗೆ ಬರಲಿಲ್ಲ. ಹೊರ ರಾಜ್ಯದ ಕೊಬ್ಬರಿ ಎಂದು ನಾವು ಗುರುತಿಟ್ಟುಕೊಂಡಿದ್ದ ಗುಂಪಿನ ಮಧ್ಯೆ ಹೋಗಿ ಕೂತಿತು. ಬಟ್ಟಲು ತೊಳೆದು ಒರೆಸಿ ಮತ್ತೆ ತುರಿದೆ. ಅಲ್ಲೇ. ತುರಿ ತಣ್ಣಗಿದ್ದರೆ ಗೆರೆ ಸ್ವಲ್ಪ ಸರಿಯುವುದುಂಟು ಎಂದು ಊಟ ಮುಗಿಸಿ ಬಂದು ಎರಡನೆಯ ಉಂಡೆ ತುರಿದೆ. ಅದೂ ಅಲ್ಲೇ. ಮುಖ್ಯಸ್ಥರು ಬೆನ್ನ ಹಿಂದೆ ಬಂದು ನಿಂತರು.

“ಇದ್ಯಾವುದು?”

“ನಮ್ಮಮ್ಮನ ತವರಿಂದು ಸಾರ್. ಕಣಕಟ್ಟೆ.”

“ತೋಟ ಈಚೆಗೆ ನೋಡಿದ್ರಾ?”

ನಾನು ಒರೆಸಿದ ಬಟ್ಟಲನ್ನೇ ಮತ್ತೆ ಒರೆಸತೊಡಗಿದೆ. “ಇದು ಕಣಕಟ್ಟೆದಲ್ಲ ಅಂತ ಅದು ಹೇಳ್ತಿಲ್ಲ ಕಣ್ರೀ” ಎಂದರು ಅವರು. “ನಾವು ತೋರಿಸಿದ ಇಲ್ಲಿಯವುಗಳ ಹಾಗಿಲ್ಲ ಅಂತಿದೆ, ಅಷ್ಟೆ. ಹೋಗಿ ನೋಡ್ಕೊಂಡು ಬನ್ನಿ.” ಅವರದು ಯಾವಾಗಲೂ ಅಳೆದು ತೂಗಿದ ಮಾತು. ನನಗೆ ಅಷ್ಟು ತಾಳ್ಮೆ ಎಲ್ಲಿಯದು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ತೋಟದ ಒಳ್ಳೆಯ ಕೊಬ್ಬರಿಯನ್ನು ಒಳ್ಳೆಯ ಧಾರಣೆಗೆ ಮಾರಿಕೊಂಡು, ಪಾಲು ಬಿಟ್ಟುಕೊಟ್ಟ ಅಕ್ಕನಿಗೆ ಎಲ್ಲಿಯದೋ ಅಗ್ಗದ ಮಾಲು ತಂದು ಸಾಗಹಾಕುತ್ತಿದ್ದಾನೆ ಮಾವ. ಕಣಕಟ್ಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅವನಿಗೆ ಅನ್ನಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡೆ.

ಮಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿತು. ನಾನು ಬಂದ ಕಾರಣ ಹೇಳದೆ “ತೋಟ ನೋಡ್ಬೇಕು ಮಾವ” ಎಂದ ಕೂಡಲೇ ಅದು ಬಾಡಿತು.

“ತೋಟ ಎಲ್ಲಿಗೆ ಹೋಯ್ತದೆ? ಮೊದ್ಲು ಉಣ್ಣು ಬಾ.”

ಅತ್ತೆ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಅವಳು ನನ್ನ ಕಣ್ಣು ತಪ್ಪಿಸುತ್ತಿದ್ದಳು. ಊಟವಾದ ಮೇಲೆ ಮಾವ ಬಿಸಿಲು ಎಂದ, ಎಲೆಯಡಿಕೆ ಹಾಕಿಕೊಳ್ಳೋಣ ಎಂದ, ಕೊನೆಗೆ ಬೇರೆ ನೆಪ ಸಿಗದೆ ಎದ್ದ. ನಾನು ಅವನ ಹಿಂದೆ ನಡೆದೆ. ಹಿಂದೆ ಊರು ದಾಟಿದ ಕೂಡಲೇ ತಾತನ ತೆಂಗಿನ ತಲೆಗಳು ಕಾಣುತ್ತಿದ್ದವು. ಈಗ ಅಲ್ಲಿ ಬರೀ ಆಕಾಶವಿತ್ತು. ಹತ್ತಿರ ಹೋದರೆ ರಾಗಿಯ ಪೈರು, ಅದರ ನಡುವೆ ಸೊಂಟದೆತ್ತರದ ಎಳೆ ತೆಂಗಿನ ಸಸಿಗಳು. ಬುಡ ಕಿತ್ತ ಗುಣಿಗಳು ಅಲ್ಲಲ್ಲಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ನಾನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅಣಬೆ ರೋಗ ಅಂದ್ರು” ಎಂದ ಮಾವ. “ಬುಡದಾಗೆ ಕಂದು ರಸ ಸೋರಾಕೆ ಶುರುವಾಯ್ತು. ಬುಡ ಬಿಡಿಸಿ ಔಷಧಿ ಹುಯ್ದೆ, ಬೇರಿಗೆ ಔಷಧಿ ಕಟ್ದೆ. ಒಂದು ಮರದಿಂದ ಇನ್ನೊಂದಕ್ಕೆ ಹತ್ಕಂಡು ಹೋಯ್ತು. ಮೂರು ವರ್ಷ ಆಯ್ತು ಕಣವ್ವ, ಕಡೇದನ್ನ ಉರುಳ್ಸಿ.”

“ಮತ್ತೆ ಅಮ್ಮನಿಗೆ ತಂದುಕೊಡ್ತಿದ್ಯಲ್ಲ?”

“ಅಟ್ಟದಾಗೆ ಇದ್ದಿದ್ದು ಒಂದು ವರ್ಷ ಬಂತು. ಆಮ್ಯಾಕೆ ಅಂಗಡೀಲಿ ತಗಂಡೆ. ನಿಮ್ಮವ್ವ ತೋಟ ಬುಟ್ಟುಕೊಟ್ಟು ಕೇಳಿದ್ದು ಅದೊಂದ್ನೇ. ಬರಿಗೈಲಿ ಹೆಂಗೆ ಹೋಗ್ಲಿ ಹೇಳು?” ಗುಣಿಯ ಅಂಚಿನ ಮಣ್ಣನ್ನು ಕಾಲಿನಿಂದ ಒಳಗೆ ತಳ್ಳುತ್ತ ಹೇಳಿದ, “ಇದ್ದಿದ್ರಾಗೆ ಒಳ್ಳೇದು ಆರಿಸ್ಕಂಡೇ ತಂದಿವ್ನಿ. ನಮ್ಮದಲ್ದಿದ್ರೂ ಈ ಸೀಮೆದೇ ಅಲ್ವಾ.”

ಯಂತ್ರ ಹೇಳಿದ್ದನ್ನು ನಾನು ಹೇಳಲೇಬೇಕಾಯಿತು. ಮಾವ ನನ್ನ ಮುಖವನ್ನೇ ನೋಡಿದ. “ಅದೂ ಇಲ್ಲೀದಲ್ವಾ?” ಎಂದು ಕೇಳಿದ ಅವನ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅಕ್ಕನಿಗೆ ಮೋಸ ಮಾಡಿದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ತನಗೂ ಮೋಸವಾಗಿದೆ ಎಂಬುದು ಗೊತ್ತಿರಲಿಲ್ಲ. ನನಗೆ ಅವನ ಮೇಲಿದ್ದ ಕೋಪವೆಲ್ಲ ಇಳಿದು, ಆ ಜಾಗದಲ್ಲಿ ಒಂದು ದೊಡ್ಡ ಸಂಕಟ ಬಂದು ಕೂತಿತು. ಬಸ್ಸು ಹತ್ತಿಸುವಾಗ ಅವನು ಕೈ ಮುಗಿಯುವುದೊಂದು ಬಾಕಿ. “ನಿಮ್ಮವ್ವಂಗೆ ಹೇಳ್ಬ್ಯಾಡ ಕಣವ್ವ. ಸಸಿ ಫಲಕ್ಕೆ ಬರ್ಲಿ, ಆಗ ನಾನೇ ಹೇಳ್ತೀನಿ.” ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಆ ಶನಿವಾರ ಬೇಲೂರಿಗೆ ಹೋದಾಗ ಅಮ್ಮ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. “ಏನಂತೆ ನಿನ್ನ ಮಿಷನ್ನು? ನಮ್ಮಪ್ಪನ ತೋಟ ಸೇರ್ತಾ?” ಎಂದು ನಗುತ್ತ ಕೇಳಿದಳು.

ಸೇರಿತು ಎಂದುಬಿಡಬೇಕೆಂದೇ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಒಂದು ಸುಳ್ಳಿಗೆ ಎಷ್ಟು ಖರ್ಚು? ಆದರೆ ಇಡೀ ವಾರ ಪರರ ಕೊಬ್ಬರಿಯ ನಿಜ ಹೇಳಿ ಹೊಟ್ಟೆ ಹೊರೆಯುವವಳು ನಾನು. ಅಮ್ಮನ ಕೊಬ್ಬರಿಗೆ ಮಾತ್ರ ಸುಳ್ಳು ಹೇಳಿದರೆ, ಎಲ್ಲ ಬಿಟ್ಟುಕೊಟ್ಟವಳಿಗೆ ನಾನೂ ಅಗ್ಗದ ಮಾಲನ್ನೇ ಕೊಟ್ಟಂತೆ ಅನ್ನಿಸಿತು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಕೋಪ ಬಂದರೆ ಬರಲಿ ಎಂದು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಯಂತ್ರದ್ದು, ಮಾವನದು, ರಾಗಿ ಬೆಳೆದ ತೋಟದ್ದು.

ಅವಳ ಕೈ ನಿಲ್ಲಲಿಲ್ಲ. ಒಂದು ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದಳು. ಆಮೇಲೆ ಕೊಬ್ಬರಿಯ ಬಗ್ಗೆ ಒಂದು ಮಾತೂ ಆಡದೆ ಕೇಳಿದಳು, “ಬಾವಿ ಮಗ್ಗುಲದ್ದು?”

“ಹೋಯ್ತಂತೆ.”

“ಬದಿನ ಮ್ಯಾಲೆ ಜೋಡಿ ಮರ ಇದ್ವು. ಒಂದು ಈ ಕಡೀಕೆ ಬಾಗಿತ್ತು.”

“ಅವೂ ಹೋದ್ವು ಕಣಮ್ಮ.”

“ಮೂಲೇದು? ಕೆಂದೆಂಗು?”

“ಒಂದೂ ಇಲ್ಲಮ್ಮ.”

ಊರಿನಿಂದ ಬಂದವರ ಹತ್ತಿರ ನೆಂಟರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಾರಲ್ಲ, ಹಾಗೆ ಕೇಳಿದಳು. ಕೇಳಲು ಇನ್ನು ಯಾವುದೂ ಉಳಿಯದಾದಾಗ ಮೊರವನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದುಕೊಂಡು ಎದ್ದು ಬಚ್ಚಲಿಗೆ ಹೋದಳು. ಚೊಂಬಿನಿಂದ ನೀರು ಸುರಿಯುವ ಸದ್ದು ಕೇಳಿಸಿತು. ಒದ್ದೆ ತಲೆಯಲ್ಲಿ ಹೊರಗೆ ಬಂದ ಅವಳನ್ನು ನೋಡಿ ಅತ್ತಿಗೆ ಅಡಿಗೆಮನೆಯಿಂದ ಓಡಿಬಂದಳು. ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಹಾಕಿಕೊಂಡರೆ ನಮ್ಮಲ್ಲಿ ಅರ್ಥ ಒಂದೇ. “ಯಾರು ಹೋದ್ರು?” ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಮರಕ್ಕೆ ಸೂತಕ ಹಿಡಿಯಬೇಕೆಂದು ಯಾವ ಶಾಸ್ತ್ರದಲ್ಲೂ ಇರಲಾರದು. ಅಮ್ಮ ಯಾರನ್ನೂ ಕೇಳಿ ಮಾಡಿದ್ದಲ್ಲ.

ಮಾರನೆಯ ದಿನ ಮಂಡಿನೋವನ್ನು ಲೆಕ್ಕಿಸದೆ ಕಣಕಟ್ಟೆಗೆ ಹೊರಟಳು. ತವರಿಗೆ ಹೋಗುವಾಗ ಹೂವು ಹಣ್ಣು ಇಲ್ಲದೆ ಹೊರಟವಳಲ್ಲ. ಅವತ್ತು ಚೀಲದಲ್ಲಿ ಇದ್ದದ್ದು ಅಕ್ಕಿ, ಬೇಳೆ. ಬರುತ್ತೇವೆಂದು ಫೋನ್ ಮಾಡಲೂ ಬಿಡಲಿಲ್ಲ. ಹಳೇಬೀಡಿನಲ್ಲಿ ಪ್ರವಾಸಿಗಳು ಇಳಿದು ಬಸ್ಸು ಖಾಲಿಯಾಯಿತು, ಬಾಣಾವರದಲ್ಲಿ ಮತ್ತೆ ತುಂಬಿತು. ಅವಳು ಕಿಟಕಿಯಾಚೆ ಸರಿಯುವ ತೆಂಗಿನ ಸಾಲುಗಳನ್ನೇ ನೋಡುತ್ತಿದ್ದಳು. ನಾನೋ, ಕೊನೆಗೂ ಪಾಲು ಕೇಳಲು ಹೊರಟಿದ್ದಾಳೆ ಎಂದು ಒಳಗೊಳಗೇ ಖುಷಿಯಾಗಿದ್ದೆ. ಮಾವನ ಮೇಲೆ ಮರುಕವಿತ್ತು, ನಿಜ. ಆದರೂ ನ್ಯಾಯ ನ್ಯಾಯವೇ ಎಂದು ನನಗೆ ನಾನೇ ಹೇಳಿಕೊಂಡೆ.

ಮಾವನೂ ಹಾಗೆಯೇ ತಿಳಿದ. ಅಮ್ಮ ಕುಂಟುತ್ತ ಅಂಗಳಕ್ಕೆ ಬಂದದ್ದನ್ನು ಕಂಡವನೇ ಜಗಲಿ ಇಳಿದು ಬಂದ. “ತಪ್ಪಾಯ್ತು ಅಕ್ಕ. ನಿನ್ನ ಪಾಲು ನಿಂದೇ. ನಾಳೇನೇ ಅರಸೀಕೆರೆಗೆ ಬತ್ತೀನಿ. ಎಲ್ಲಿ ಸೈನ್ ಹಾಕು ಅಂತೀಯೋ ಅಲ್ಲಿ ಹಾಕ್ತೀನಿ.”

“ತೋಟಕ್ಕೆ ನಡಿ” ಎಂದಳು ಅಮ್ಮ. ಅಕ್ಕಿಬೇಳೆಯ ಚೀಲವನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅದರೊಳಗೆ ನೋಡಿ, ಸಾವಿನ ಮನೆಗೆ ತರುವಂಥದ್ದೆಂದು ತಿಳಿದು, ಸೆರಗು ಬಾಯಿಗೆ ಒತ್ತಿಕೊಂಡಳು.

ಬಾವಿಯ ಹತ್ತಿರ ಅರ್ಧ ಮುಚ್ಚಿದ ಒಂದು ಗುಣಿಯ ಅಂಚಿನಲ್ಲಿ ಅಮ್ಮ ನಿಂತಳು. ಮಾವ ಎರಡು ಮಾರು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಬೈಗುಳ ಬೀಳುತ್ತದೆಂದು ಕಾದಿದ್ದನೇನೋ. ಅಮ್ಮನ ದನಿ ಏರಲಿಲ್ಲ.

“ಅಪ್ಪ ಹೋದಾಗ ಹೊತ್ತು ಹುಟ್ಟೋಕ್ಮುಂಚೆ ಆಳು ಕಳ್ಸಿದ್ಯಲ್ಲ. ಅಪ್ಪ ನೆಟ್ಟಿದ್ದು ಇಷ್ಟೂ ಹೋದಾಗ ಯಾಕೋ ಹೇಳಿ ಕಳಿಸ್ಲಿಲ್ಲ?”

“ನೀನು ಅಳ್ತೀಯ ಅಂತ, ಅಕ್ಕ.”

“ಅಳ್ಬೇಕಾಗಿತ್ತು ಕಣೋ. ಹೆಣ್ಮಗಳು ಬಂದು ಅಳ್ಬೇಕಾಗಿತ್ತು.” ಅವಳು ಗುಣಿಯ ಕಡೆ ಕೈ ತೋರಿಸಿದಳು. “ಕೊಬ್ಬರಿ ಎಲ್ಲಿದಾದ್ರೂ ಆಗ್ಲಿ, ತಿಂದಿದ್ದು ಕರಗೋಯ್ತು. ನಾನು ಬುಟ್ಟುಕೊಟ್ಟಿದ್ದು ಜಮೀನು. ತವರಾಗೆ ಸಾವಾದ್ರೆ ನಂಗೆ ಹೇಳಿ ಕಳಿಸ್ಬ್ಯಾಡಿ ಅಂತ ನಾನು ಯಾವ ಆಫೀಸ್ನಾಗೂ ಸೈನ್ ಹಾಕಿರ್ಲಿಲ್ಲ.”

ಮಾವ ಅಲ್ಲೇ ರಾಗಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡ. “ನಾನೊಬ್ನೇ ಇದ್ದೆ ಅಕ್ಕ” ಎಂದ. “ಬಾವೀದು ಉರುಳ್ಸಿದ ದಿನ ಊಟ ಸೇರ್ಲಿಲ್ಲ. ಮನೇರಿಗೆ ಹೇಳೋಕೂ ನಾಚ್ಕೆ, ಮರಕ್ಕೆ ಅಳ್ತವ್ನೆ ಅಂತಾರೇನೋ ಅಂತ.” ಅಮ್ಮ ಅವನ ಪಕ್ಕದಲ್ಲಿ ಕೂರಲು ಹೋದಳು. ಮಂಡಿ ಬಗ್ಗದೆ, ನನ್ನ ಭುಜ ಹಿಡಿದು ಕಷ್ಟಪಟ್ಟು ನೆಲಕ್ಕೆ ಇಳಿದಳು. ಆಮೇಲೆ ಇಬ್ಬರೂ ಅತ್ತರು. ನಾನು ಸ್ವಲ್ಪ ದೂರ ಹೋಗಿ ನಿಂತೆ. ಪಾಲು, ಕಾನೂನು, ನ್ಯಾಯ ಎಂದು ಇಷ್ಟು ವರ್ಷ ಬಾಯಿ ಬಡಿದುಕೊಂಡ ನನಗೆ, ಅಮ್ಮ ಏನನ್ನು ಇಟ್ಟುಕೊಂಡು ಏನನ್ನು ಕೊಟ್ಟಿದ್ದಳೆಂದು ಒಂದು ದಿನವೂ ಕೇಳಬೇಕೆನ್ನಿಸಿರಲಿಲ್ಲ. ಈಗಲೂ ಅವಳು ಸಹಿ ಹಾಕಿದ್ದು ಸರಿ ಎಂದು ನಾನು ಒಪ್ಪುವುದಿಲ್ಲ. ಆದರೆ ಅವತ್ತು ಅವಳಿಗೆ ಆದ ನಷ್ಟವನ್ನು ಯಾವ ಪಾಲೂ ತುಂಬಿಕೊಡುತ್ತಿರಲಿಲ್ಲ.

ಹೊರಡುವ ಮೊದಲು ಅವಳು ಒಂದು ಮಾತು ಹೇಳಿದಳು, “ಇನ್ಮ್ಯಾಕೆ ಅಂಗಡಿ ಕೊಬ್ಬರಿ ತರ್ಬ್ಯಾಡ. ಇಲ್ಲಿ ಏನಾದ್ರೂ ಆದ್ರೆ ನಂಗೆ ಹೇಳು.”

ಪ್ರಯೋಗಾಲಯದಲ್ಲಿ ಆ ಎರಡು ಉಂಡೆಗಳ ಗೆರೆಯನ್ನು ತೆಗೆದುಹಾಕಿದೆ. ಕಣಕಟ್ಟೆಯ ಬೇರೆ ತೋಟಗಳಿಗೆ ಹೋಗಿ, ಬುಡದಲ್ಲಿ ನಿಂತು, ಅಟ್ಟ ಹತ್ತಿ ಹೊಸ ಮಾದರಿ ತಂದೆ. ಅವು ನಮ್ಮ ಗುಂಪಿನೊಳಗೇ ಬಂದವು. ತಾತನ ತೋಟದ ಕೊಬ್ಬರಿ ಹೇಗಿತ್ತೆಂದು ಮಾತ್ರ ಇನ್ನು ಯಾವ ಯಂತ್ರಕ್ಕೂ ತೋರಿಸುವಂತಿಲ್ಲ. ಆ ವಿಚಾರ ಬಂದಾಗಲೆಲ್ಲ ನನಗೆ ಈಗಲೂ ದುಃಖವಾಗುತ್ತದೆ.

ಈ ವರ್ಷ ಮಾವ ಬರುವ ಹೊತ್ತಿಗೆ ಅವನ ಬದಲು ಫೋನ್ ಬಂತು. ಭಾನುವಾರ, ಅಮ್ಮ ಊಟಕ್ಕೆ ಕೂತಿದ್ದಳು. ಕೈ ಎಂಜಲಾಗಿದ್ದರಿಂದ ನಾನೇ ಸ್ಪೀಕರ್ ಹಾಕಿ ಹಿಡಿದೆ.

“ಅಕ್ಕ, ಬದಿನ ಮ್ಯಾಲೆ ನೆಟ್ಟಿದ್ನಲ್ಲ, ಅದ್ರಾಗೆ ಒಂದು ಸಸಿ ಸುಳಿ ಕೊಳೀತಾ ಐತೆ. ಔಷಧಿ ಹಾಕಿವ್ನಿ. ಉಳಿಯಂಗೆ ಕಾಣಾಕಿಲ್ಲ.” ಸ್ವಲ್ಪ ತಡೆದ. “ನಿಂಗೆ ಹೇಳಾಣ ಅಂತ.”

ಅಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಕಣ್ಣು ತುಂಬಿಕೊಂಡಿತ್ತು.

“ಹೇಳಿದ್ಯಲ್ಲಪ್ಪ” ಎಂದಳು. “ಮಿಕ್ಕಿದ್ದು ಹೆಂಗವೆ? ಒಂದೊಂದೇ ಹೇಳು.”

ಮಾವ ಬಾವಿಯ ಕಡೆಯಿಂದ ಶುರುಮಾಡಿದ. ತಟ್ಟೆಯಲ್ಲಿ ಅನ್ನ ಆರುತ್ತಿತ್ತು, ಅಮ್ಮ ಕೇಳುತ್ತ ಕೂತಳು.